ಸೆಂಟು ಹಾಕಿದ ಬಂಡೆ: ಚಿರತೆಯ ಗಡಿ ಗುರುತನ್ನು ಫೋಟೊ ತೆಗೆಯಲು ಹೋದ ಒಂದು ಪ್ರಕರಣ

ಇಲ್ಲಿ ಊರಿನ ಹೆಸರು, ಬೆಟ್ಟದ ಹೆಸರು, ಜನರ ಹೆಸರು ಯಾವುದನ್ನೂ ಬರೆದಿಲ್ಲ. ತುಮಕೂರು ಜಿಲ್ಲೆಯ ಉತ್ತರದ ಕಡೆಯ ಒಂದು ತಾಲ್ಲೂಕು ಎಂದು ತಿಳಿದರೆ ಸಾಕು. ಫೋಟೊ ತೆಗೆದವರನ್ನು ಮೇಷ್ಟ್ರು ಎನ್ನುತ್ತೇನೆ. ಜಮೀನಿನವರು ಯಜಮಾನರು. ಕುರಿ ಮೇಯಿಸುವ ಹಿರಿಯರು ಅಜ್ಜ. ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ, ಇಡುವ ಕೆಲಸದಲ್ಲಿ ನಾನು ಮೇಷ್ಟ್ರಿಗೆ ಜೊತೆಗಾರ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ, ನನ್ನ ತಪ್ಪನ್ನ ಮಾತ್ರ ಮುಚ್ಚಬೇಡಿ" ಎಂದು ಅವರೇ ಹೇಳಿದರು.

ಹಿನ್ನೆಲೆ

ನಮ್ಮ ಕಡೆಯ ಬೆಟ್ಟಗಳನ್ನು ನೋಡಿದವರಿಗೆ ಗೊತ್ತು. ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ, ಪಾವಗಡ, ಎಲ್ಲಾ ಕಲ್ಲೇ. ಗುಂಡಿನ ಮೇಲೆ ಗುಂಡು, ನಡುವೆ ಗವಿ, ಮಳೆ ಬಂದರೆ ನೀರು ನಿಲ್ಲುವ ದೊಣೆ. ಬುಡದಲ್ಲಿ ಜಾಲಿ, ಕಾರೆ, ಲಂಟಾನ. ಅದಕ್ಕೆ ಅಂಟಿಕೊಂಡೇ ಅಡಿಕೆ ತೋಟ, ರಾಗಿ ಹೊಲ, ಕುರಿ ರೊಪ್ಪ. ಹಗಲು ಮಲಗಲು ಗವಿ, ರಾತ್ರಿ ಹಿಡಿಯಲು ಮೊಲ, ಕಾಡುಹಂದಿ ಮರಿ, ಬೀದಿನಾಯಿ. ಚಿರತೆಗೆ ಇಷ್ಟು ಸಾಕು.

2022ರ ಎಣಿಕೆಯ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಆ ಎಣಿಕೆ ಹೆಚ್ಚಾಗಿ ಕಾಡಿನೊಳಗೆ ನಡೆದದ್ದು. ಹೊಲದ ಅಂಚಿನ ಕಲ್ಲುಗುಡ್ಡದಲ್ಲಿ ಇರುವ ಚಿರತೆಗಳು ಅದರಲ್ಲಿ ಪೂರ್ತಿ ಸೇರುವುದಿಲ್ಲ. ನಮ್ಮ ಚಿರತೆಗಳು ಬಹುಪಾಲು ಅಂಥವೇ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಬೇಕು. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತರು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಇಲ್ಲಿಯ ಜನರ ಭಯ ಸುಮ್ನೆ ಹುಟ್ಟಿದ್ದಲ್ಲ. ಫೋಟೊ ತೆಗೆಯುವವರು ಇದನ್ನು ಮರೆತರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಮೈದನಹಳ್ಳಿಯ ಕೃಷ್ಣಮೃಗಗಳಿಂದ ಫೋಟೊಗ್ರಫಿ ಶುರು ಮಾಡಿದವರು. ಚಿರತೆ ವಿಷಯಕ್ಕೆ ಬಂದಾಗ ಅವರ ಆಸೆ ಬೇರೆ ಇತ್ತು. "ಬಂಡೆ ಮೇಲೆ ಕೂತ ಚಿರತೆ ಫೋಟೊ ಬೇಕಾದಷ್ಟಿದೆ. ಈ ಜಾಗ ನಂದು ಅಂತ ಅದು ಹೇಗೆ ಹೇಳುತ್ತೆ ಅನ್ನೋದನ್ನ ನಮ್ಮ ಮಕ್ಕಳಿಗೆ ತೋರಿಸ್ಬೇಕು" ಎನ್ನುತ್ತಿದ್ದರು.

ಚಿರತೆಗೆ ಬದು ಇಲ್ಲ, ಬೇಲಿ ಇಲ್ಲ. ಅದು ಗಡಿ ಹಾಕುವುದು ವಾಸನೆಯಲ್ಲಿ. ಓಡಾಡುವ ದಾರಿ ಪಕ್ಕದ ಬಂಡೆಗೋ ಮರಕ್ಕೋ ಬೆನ್ನು ತಿರುಗಿಸಿ ನಿಂತು, ಬಾಲ ಎತ್ತಿ, ಹಿಂದಕ್ಕೆ ಮೇಲ್ಮುಖವಾಗಿ ಮೂತ್ರ ಚಿಮ್ಮಿಸುತ್ತದೆ. ಹಿಂಗಾಲಿನಿಂದ ನೆಲ ಕೆರೆಯುತ್ತದೆ. ಮರದ ಕಾಂಡ ಪರಚುತ್ತದೆ, ಕೆನ್ನೆ ಉಜ್ಜುತ್ತದೆ. ರಾತ್ರಿ ಗರಗಸದಲ್ಲಿ ಮರ ಕೊಯ್ದ ಹಾಗೆ ಕೂಗುತ್ತದೆ. ಒಂದು ಗಂಡಿನ ಜಾಗದೊಳಗೆ ಎರಡು ಮೂರು ಹೆಣ್ಣುಗಳ ಜಾಗ ಬರುವುದುಂಟು. ಇಬ್ಬರು ಗಂಡುಗಳು ಎದುರುಬದುರಾಗಿ ಕಚ್ಚಾಡುವ ಬದಲು ಒಬ್ಬರ ಗುರುತನ್ನು ಇನ್ನೊಬ್ಬರು ಮೂಸಿ ದಾರಿ ಬದಲಿಸಲು ಇದು ಅನುಕೂಲ.

ಆ ಗುರುತಿನ ಬಂಡೆ ಎಲ್ಲಿದೆ ಎಂದು ತೋರಿಸಿದವರು ಅಜ್ಜ. ಬೆಟ್ಟದಿಂದ ಕೆಳಗಿಳಿಯುವ ಕಾಲುದಾರಿ ಯಜಮಾನರ ತೋಟಕ್ಕೆ ಸೇರುವ ಕಡೆ ಆಳೆತ್ತರದ ಒಂದು ಗುಂಡು ಮುಂದಕ್ಕೆ ಬಾಗಿ ನಿಂತಿದೆ. ಮಳೆ ಬಿದ್ದರೂ ಅದರ ಒಳಮೈ ನೆನೆಯುವುದಿಲ್ಲ. ಅಜ್ಜ ಅಲ್ಲಿ ಕುಕ್ಕರಗಾಲಲ್ಲಿ ಕೂತು, "ಇಲ್ಲಿ ಮೂಗಿಟ್ಟು ನೋಡಿ ಮೇಷ್ಟ್ರೇ" ಎಂದರು. ನಾನೂ ಮೂಗಿಟ್ಟೆ. ಮೊದಲು ಬೆಕ್ಕಿನ ಉಚ್ಚೆಯ ಘಾಟು. ಅದರ ಹಿಂದೆಯೇ ಇನ್ನೊಂದು ವಾಸನೆ, ಒಳ್ಳೆ ಅಕ್ಕಿಯ ಅನ್ನ ಉಕ್ಕಿದಾಗ ಬರುವಂಥದ್ದು. "ಹುಲಿ ಹೋದ ದಾರೀಲಿ ಅನ್ನದ ವಾಸ್ನೆ ಬತ್ತದೆ ಅಂತ ನಮ್ಮಪ್ಪ ಹೇಳೋರು" ಎಂದರು ಅಜ್ಜ. ಇಲ್ಲಿಯ ಹಳಬರಿಗೆ ಚಿರತೆಯೂ ಹುಲಿಯೇ. ಅಜ್ಜನ ಮಾತು ಬರೀ ನಂಬಿಕೆಯಲ್ಲ. ಕೋಲ್ಕತ್ತದ ವಿಜ್ಞಾನಿ ಆರ್. ಎಲ್. ಬ್ರಹ್ಮಚಾರಿ ಅವರು ಹುಲಿಯ ಗುರುತಿನ ದ್ರವದಲ್ಲಿ ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ವಸ್ತುವೇ ಇದೆ ಎಂದು ತೋರಿಸಿದ್ದರು.

ಗುಂಡಿನ ಎದುರಿಗೆ ಮಣ್ಣಿನಲ್ಲಿ ಒಂದು ಗೇಣು ಉದ್ದದ ಕೆರೆತ. ಎರಡು ಕಾಲಿನ ಎರಡು ಗೆರೆ ಅಕ್ಕಪಕ್ಕ, ಹಿಂದಿನ ತುದಿಯಲ್ಲಿ ಗುಡ್ಡೆಯಾದ ಮಣ್ಣು, ಅದರಲ್ಲಿ ನಾಲ್ಕು ಒಣಗಿದ ಎಲೆ. ಮೇಷ್ಟ್ರು ಅದರ ಮುಂದೆ ಹತ್ತು ನಿಮಿಷ ಕೂತಿದ್ದರು.

ಇದಕ್ಕಿಂತ ಚೆನ್ನಾದ ಇನ್ನೊಂದು ಬಂಡೆ ಮೇಲೆ ಇತ್ತು. ಆದರೆ ಅದು ಮೀಸಲು ಅರಣ್ಯದ ಗಡಿಯೊಳಗೆ. ಅನುಮತಿ ಇಲ್ಲದೆ ಅಲ್ಲಿ ಕ್ಯಾಮೆರಾ ಕಟ್ಟುವ ಹಾಗಿಲ್ಲ. ಕೆಳಗಿನದು ಯಜಮಾನರ ಹಿಡುವಳಿ. ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದೆವು, ಅರಣ್ಯ ಇಲಾಖೆಯವರಿಗೂ ಪತ್ರ ಕೊಟ್ಟೆವು. ಆ ಪತ್ರ ಮುಂದೆ ನಮ್ಮ ಮಾನ ಉಳಿಸಿತು.

ತೊಡಕು

ಫೆಬ್ರವರಿಯಲ್ಲಿ ಕ್ಯಾಮೆರಾ ಇಟ್ಟೆವು. ಮೊದಲ ಎರಡು ತಿಂಗಳು ನಾವು ಕಲಿತದ್ದು ಚಿರತೆಗಿಂತ ಜಾಸ್ತಿ ಕ್ಯಾಮೆರಾ ಬಗ್ಗೆಯೇ.

ಮೇಷ್ಟ್ರು ಶುರುವಿಗೆ ಇಟ್ಟದ್ದು ತಮ್ಮ ದೊಡ್ಡ ಕ್ಯಾಮೆರಾ. ಡಬ್ಬಿಯೊಳಗೆ ಕೂರಿಸಿ, ಎರಡು ಫ್ಲ್ಯಾಶ್ ಕಟ್ಟಿ, ಹೊರಗಿನ ಸೆನ್ಸರ್‌ಗೆ ಜೋಡಿಸಿದ್ದರು. ಬಣ್ಣದ ಚಿತ್ರ ಬರಬೇಕು ಎಂಬ ಆಸೆ. ಮಾರ್ಚ್‌ನಲ್ಲಿ ಒಂದು ರಾತ್ರಿ ದೊಡ್ಡ ಗಂಡು ಬಂತು. ಮೊದಲ ಚಿತ್ರದಲ್ಲಿ ಬಂಡೆಯ ಕಡೆ ಮೂತಿ ಚಾಚಿದೆ. ಎರಡನೆಯದರಲ್ಲಿ ಕಿವಿ ಹಿಂದಕ್ಕೆ, ಕಣ್ಣು ಅರ್ಧ ಮುಚ್ಚಿ, ಹೊಟ್ಟೆ ನೆಲಕ್ಕೆ ಹತ್ತಿದೆ. ಮೂರನೆಯದು ಖಾಲಿ. ಬೆಳಗ್ಗೆ ಹೋಗಿ ಹೆಜ್ಜೆ ನೋಡಿದರೆ ದಾರಿ ಬಿಟ್ಟು ಪಕ್ಕದ ಲಂಟಾನದೊಳಕ್ಕೆ ಹಾರಿದ ಗುರುತು. ಅದು ಮಾಡಲು ಬಂದ ಕೆಲಸವನ್ನೇ ನಾವು ಕೆಡಿಸಿದ್ದೆವು. ಫ್ಲ್ಯಾಶ್ ಅವತ್ತೇ ಬಿಚ್ಚಿದೆವು.

ಆಮೇಲೆ ಇಟ್ಟದ್ದು ಇನ್‌ಫ್ರಾರೆಡ್ ಟ್ರ್ಯಾಪ್ ಕ್ಯಾಮೆರಾ, ಕಣ್ಣಿಗೆ ಹೆಚ್ಚುಕಮ್ಮಿ ಕಾಣದ ಬೆಳಕಲ್ಲಿ ಚಿತ್ರ ತೆಗೆಯುವಂಥದ್ದು. ಇದರಲ್ಲಿ 850 ನ್ಯಾನೊಮೀಟರ್ ಬೆಳಕಿನದು, 940 ನ್ಯಾನೊಮೀಟರ್ ಬೆಳಕಿನದು ಎಂದು ಎರಡು ಬಗೆ ಸಿಗುತ್ತದೆ. 850ರದ್ದು ದೂರ ಹೋಗುತ್ತದೆ, ಆದರೆ ಸಣ್ಣ ಕೆಂಪು ಹೊಳಪು ಕಾಣುತ್ತದೆ. 940ರಲ್ಲಿ ಆ ಹೊಳಪಿಲ್ಲ, ಚಿತ್ರ ಮಾತ್ರ ಸ್ವಲ್ಪ ಮಂಕು. ನಾವು ಮಂಕಾದದ್ದನ್ನೇ ಆರಿಸಿದೆವು. ಬಣ್ಣ ಹೋಯಿತು. ಸ್ಪರ್ಧೆಗೆ ಕಳಿಸುವ ಆಸೆಯೂ ಅಲ್ಲಿಗೆ ಹೋಯಿತು. ಮೇಷ್ಟ್ರು ಒಪ್ಪಿದರು, ಆದರೆ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಅದು ನನಗೆ ಆಗ ಗೊತ್ತಾಗಲಿಲ್ಲ.

ಏಪ್ರಿಲ್‌ನಲ್ಲಿ ಬಿಸಿಲು ಕಾಡಿತು. ಈ ಕ್ಯಾಮೆರಾದ ಸೆನ್ಸರ್‌ಗೆ ತಿಳಿಯುವುದು ಬಿಸಿಯ ವ್ಯತ್ಯಾಸ. ಹಿಂದಿನ ಬಂಡೆಗಿಂತ ಬಿಸಿ ಇರುವ ಮೈ ಅಡ್ಡ ಹಾದರೆ ಅದು ಎಚ್ಚರಾಗುತ್ತದೆ. ನಮ್ಮ ಬಂಡೆಗಳು ಹಗಲೆಲ್ಲ ಕಾದು, ಕತ್ತಲಾಗಿ ಎಷ್ಟೋ ಹೊತ್ತಾದರೂ ಮುಟ್ಟಿದರೆ ಚುರುಕ್ ಅನ್ನುತ್ತವೆ. ಬಂಡೆಯೂ ಚಿರತೆಯೂ ಹೆಚ್ಚುಕಮ್ಮಿ ಒಂದೇ ಬಿಸಿ ಇದ್ದರೆ ಸೆನ್ಸರ್‌ಗೆ ಚಿರತೆ ಇದ್ದೂ ಇಲ್ಲ. ಧೂಳಿನಲ್ಲಿ ಹೊಸ ಹೆಜ್ಜೆ, ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಏನೂ ಇಲ್ಲ. ಅದರ ಬದಲು ಗಾಳಿಗೆ ಅಲ್ಲಾಡಿದ ಒಣಹುಲ್ಲಿನ ನೂರಾರು ಖಾಲಿ ಚಿತ್ರ.

ಕ್ಯಾಮೆರಾವನ್ನು ಬಂಡೆಯ ನೆರಳಿನ ಮಗ್ಗುಲಿಗೆ ತಿರುಗಿಸಿದೆವು. ಎದುರಿನ ಹುಲ್ಲು ಸವರಿದೆವು. ಮೊಣಕಾಲೆತ್ತರಕ್ಕೆ ಇಳಿಸಿದೆವು. ಚಿರತೆ ಕ್ಯಾಮೆರಾಗೆ ನೇರ ನಡೆದು ಬರುವುದಕ್ಕಿಂತ ಅಡ್ಡ ಹಾದರೆ ಸೆನ್ಸರ್‌ಗೆ ಬೇಗ ಸಿಗುತ್ತದೆ, ಹಾಗೆ ಕೋನ ಇಟ್ಟೆವು. ಫೋಟೊ ಬಿಟ್ಟು 30 ಸೆಕೆಂಡಿನ ವಿಡಿಯೊಗೆ ಹಾಕಿದೆವು. ಗುರುತು ಹಾಕುವುದು ಒಂದು ಕ್ಷಣದ ಕೆಲಸವಲ್ಲ. ಮೂಸುವುದು, ತಿರುಗುವುದು, ಚಿಮ್ಮಿಸುವುದು, ಕೆರೆಯುವುದು, ಎಲ್ಲಾ ಒಂದರ ಹಿಂದೆ ಒಂದು. ಒಂದು ಚಿತ್ರದಲ್ಲಿ ಅದು ಅರ್ಥವಾಗುವುದಿಲ್ಲ.

ಇಷ್ಟು ಮಾಡಿದ ಮೇಲೆ ಮೇ ಮಧ್ಯದ ಹೊತ್ತಿಗೆ ಎರಡು ಚಿರತೆ ನಮಗೆ ಗುರುತು ಸಿಕ್ಕವು. ಮೈಮೇಲಿನ ಚುಕ್ಕೆಗಳ ಸಾಲು ಒಂದೊಂದಕ್ಕೂ ಬೇರೆ. ದೊಡ್ಡ ಗಂಡಿನ ಬಲ ಪಕ್ಕೆಯಲ್ಲಿ ಮೂರು ಚುಕ್ಕೆ ಸೇರಿ ಒಲೆಗುಂಡಿನ ಹಾಗೆ ಕಾಣುತ್ತಿತ್ತು. ಇನ್ನೊಂದು ಚಿಕ್ಕ ಹೆಣ್ಣು. ಎರಡೂ ಬಂಡೆ ಮೂಸುವುದು ಸಿಕ್ಕಿತ್ತು. ಗುರುತು ಹಾಕುವುದು ಮಾತ್ರ ಸಿಕ್ಕಿರಲಿಲ್ಲ. ಪ್ರತಿ ಸಲವೂ ವಿಡಿಯೊ ಶುರುವಾಗುವ ಹೊತ್ತಿಗೆ ಬಾಲದ ತುದಿ ಚೌಕಟ್ಟು ದಾಟುತ್ತಿತ್ತು.

ಸೆಂಟು

ಬೆಂಗಳೂರಿನ ಗೆಳೆಯರೊಬ್ಬರು ಮೇಷ್ಟ್ರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಕ್ಯಾಲ್ವಿನ್ ಕ್ಲೈನ್ ಕಂಪನಿಯ ಅಬ್ಸೆಷನ್ ಎಂಬ ಸೆಂಟು ದೊಡ್ಡ ಬೆಕ್ಕುಗಳನ್ನು ಸೆಳೆಯುತ್ತದೆ ಎಂದು. ಮಾತು ಸುಳ್ಳಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಇದನ್ನು ಚೀತಾಗಳಿಗೆ ಮೂಸಲು ಕೊಟ್ಟು ನೋಡಿದ್ದಾರೆ. 2018ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಅವನಿ ಎಂಬ ಹೆಣ್ಣು ಹುಲಿಯನ್ನು ಹುಡುಕುವಾಗಲೂ ಬಳಸಿದ್ದರು. ಪುನುಗು ಬೆಕ್ಕಿನ ಗ್ರಂಥಿಯ ವಾಸನೆಯನ್ನು ಹೋಲುವ ವಸ್ತು ಅದರಲ್ಲಿದೆ.

ಮೇಷ್ಟ್ರು ನನಗೆ ಹೇಳದೆ, ಒಂದು ಭಾನುವಾರ ಸಂಜೆ, ಅದನ್ನು ಬಂಡೆಯ ಒಳಮೈಗೆ ಹೊಡೆದು ಬಂದರು. ಆ ವಾರ ದೊಡ್ಡ ಕ್ಯಾಮೆರಾವನ್ನೂ ಮತ್ತೆ ಇಟ್ಟರು. ಫ್ಲ್ಯಾಶ್ ಇಲ್ಲ, ಬದಲಿಗೆ ತೋಟದ ಬೋರ್‌ವೆಲ್ ಶೆಡ್ಡಿನ ದೀಪ ಆ ಕಡೆ ತಿರುಗಿಸಿಟ್ಟಿದ್ದರು.

ಎರಡನೆಯ ರಾತ್ರಿ ಹೆಣ್ಣು ಬಂತು. ಬಂಡೆಗೆ ಕೆನ್ನೆ ಉಜ್ಜಿತು, ಕುತ್ತಿಗೆ ಉಜ್ಜಿತು, ಹೊರಳಾಡಿತು, ಎದ್ದು ಮತ್ತೆ ಉಜ್ಜಿತು. ಒಂಬತ್ತು ನಿಮಿಷ ಅಲ್ಲೇ ಇತ್ತು. ಬಣ್ಣದಲ್ಲಿ, ಕಣ್ಣಿಗೆ ಕಟ್ಟುವಂಥ ಚಿತ್ರಗಳು. ಮೇಷ್ಟ್ರು ಅದರಲ್ಲಿ ಒಂದನ್ನು "ತನ್ನ ಗಡಿ ಗುರುತಿಸುತ್ತಿರುವ ಚಿರತೆ" ಎಂದು ಬರೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು.

ಮರುದಿನ ನಾವಿಬ್ಬರೂ ಕಾರ್ಡು ಬದಲಿಸಲು ಹೋದಾಗ ಅಜ್ಜ ಅಲ್ಲಿದ್ದರು. ಬಂಡೆ ಹತ್ತಿರ ಮೂಗು ತಂದವರು ಹಿಂದೆ ಸರಿದು, "ಇದ್ಯಾಕೆ ಸ್ವಾಮಿ, ಮದುವೆ ಮನೆ ವಾಸ್ನೆ ಹೊಡೀತೈತೆ?" ಎಂದರು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ನೆಲ ನೋಡಿದರು.

ದಾರಿಯಲ್ಲಿ ವಾಪಸ್ ಬರುವಾಗ ಬೈಕ್ ನಿಲ್ಲಿಸಿ ಮಾತಾಡಿದೆವು. ನಾನು ಹೇಳಿದ್ದು ಇಷ್ಟು. ಆ ಹೆಣ್ಣು ಗಡಿ ಗುರುತಿಸಲಿಲ್ಲ. ಎಂದೂ ಇಲ್ಲದ ಒಂದು ವಾಸನೆ ಅದರ ಬಂಡೆಗೆ ಬಂದಿತ್ತು, ಅದಕ್ಕೆ ಬೆರಗಾಗಿ ನಿಂತಿತ್ತು. ಗುರುತು ಹಾಕುವಾಗಲೂ ಬೆರಗಾದಾಗಲೂ ಅದು ಕೆನ್ನೆ ಉಜ್ಜುವುದು ನಿಜವಾದರೂ ಚಿತ್ರದ ಕೆಳಗೆ ನಾವು ಬರೆದ ಮಾತು ಸುಳ್ಳು. ಇನ್ನೊಂದು, ಗಂಡಿನ ಗುರುತಿನ ಮೇಲೆ ನಾವು ಬೇರೆ ವಾಸನೆ ಬಳಿದಿದ್ದೇವೆ. ಮೂರನೆಯದು, ಅಲ್ಲಿಂದ ಕುರಿ ರೊಪ್ಪ ಇನ್ನೂರು ಹೆಜ್ಜೆ. ಹಾದು ಹೋಗುವ ಪ್ರಾಣಿಯನ್ನು ಮನುಷ್ಯರ ಹತ್ತಿರ ಒಂಬತ್ತು ನಿಮಿಷ ನಿಲ್ಲಿಸಿದ್ದೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಆಮಿಷ ಒಡ್ಡುವುದೂ ಸೇರಿದೆ. ಸೆಂಟು ಆಮಿಷವೋ ಅಲ್ಲವೋ ಎಂದು ವಕೀಲರು ವಾದ ಮಾಡಬಹುದು. ಕಾಡಿನ ಪ್ರಾಣಿಯ ಸಹಜ ನಡವಳಿಕೆ ತೋರಿಸುತ್ತೇವೆ ಎಂದು ಹೊರಟ ನಮಗೆ ಆ ವಾದ ಬೇಕಿರಲಿಲ್ಲ.

ಮೇಷ್ಟ್ರು ಅಲ್ಲೇ ಫೋನ್ ತೆಗೆದು ಚಿತ್ರ ಅಳಿಸಿದರು. ಆದರೆ ಅಷ್ಟು ಹೊತ್ತಿಗೆ ಅದು ಹತ್ತಾರು ಗುಂಪಿಗೆ ಹೋಗಿಯಾಗಿತ್ತು.

ಚಿತ್ರ ಊರಿಗೆ ಬಂದದ್ದು

ಚಿತ್ರದಲ್ಲಿ ಊರಿನ ಹೆಸರು ಇರಲಿಲ್ಲ. ಜಿಪಿಎಸ್ ಮಾಹಿತಿಯೂ ಇರಲಿಲ್ಲ. ಅಷ್ಟು ಎಚ್ಚರ ಮೇಷ್ಟ್ರಿಗೆ ಇತ್ತು. ಅವರು ನೋಡದೆ ಬಿಟ್ಟದ್ದು ಹೆಣ್ಣಿನ ಬೆನ್ನ ಹಿಂದೆ, ದೀಪದ ಬೆಳಕಲ್ಲಿ ಕಂಡ ಇನ್ನೊಂದು ಗುಂಡು. ಅದರ ಮೇಲೆ ಸುಣ್ಣ ಕೆಮ್ಮಣ್ಣಿನಲ್ಲಿ ಬರೆದ ದೊಡ್ಡ ನಾಮ. ಬೆಟ್ಟದ ಮೇಲಿನ ದೇವರಿಗೆ ಹೋಗುವ ದಾರಿಯ ಗುರುತು ಅದು. ಸುತ್ತ ನಾಲ್ಕು ಹಳ್ಳಿಯ ಮಗುವಿಗೂ ಗೊತ್ತಿರುವ ನಾಮ.

ಒಂದೇ ಸಂಜೆಯಲ್ಲಿ ಚಿತ್ರ ಊರಿಗೆ ಬಂತು. ಮಾರನೆಯ ದಿನ ಬೇರೆ ಊರುಗಳ ಹುಡುಗರು ಬೈಕಲ್ಲಿ ಬಂದರು. ರಾತ್ರಿ ಟಾರ್ಚ್ ಹಿಡಿದು ಗುಂಡು ಹತ್ತಿದರು, ಪಟಾಕಿ ಹೊಡೆದರು. ಮೂರನೆಯ ದಿನ ಊರಿನವರು ಅರಳಿಕಟ್ಟೆಯಲ್ಲಿ ಸೇರಿ, ಬೋನು ಇಡಿಸಬೇಕು ಎಂದು ಇಲಾಖೆಗೆ ಫೋನ್ ಮಾಡಿದರು. ನಮ್ಮನ್ನೂ ಕರೆಸಿದರು.

ಈ ಪ್ರಕರಣದ ಮುಖ್ಯ ತಿರುವು ಇದೇ ಎಂದು ನಾನು ತಿಳಿದಿದ್ದೇನೆ. ಅವತ್ತಿನ ಮಾತುಗಳನ್ನು ನೆನಪಿದ್ದಷ್ಟು ಹಾಗೇ ಬರೆಯುತ್ತೇನೆ.

ಕಟ್ಟೆಯ ಮುಂದಿದ್ದ ಒಬ್ಬರು ಎದ್ದು, "ನೀವು ಕ್ಯಾಮೆರಾ ಇಟ್ಟ ಮೇಲೇ ಅದು ಬಂದಿದ್ದು. ಏನೋ ಹಾಕಿ ಕರೆಸಿದ್ದೀರ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದರು. "ಅಣ್ಣ, ಚಿರತೆ ನಾನು ಕರೆಸಿದ್ದಲ್ಲ. ಅದು ಮೊದಲಿಂದ ಇದೆ. ಆದ್ರೆ ಅವತ್ತು ರಾತ್ರಿ ಅಷ್ಟು ಹೊತ್ತು ಅಲ್ಲಿ ನಿಂತಿದ್ದು ನಾನು ಹಾಕಿದ ಸೆಂಟಿಗೆ. ರೊಪ್ಪ ಹತ್ತಿರ ಇದೆ ಅಂತ ಯೋಚನೆ ಮಾಡಲಿಲ್ಲ. ಅದು ನನ್ನ ತಪ್ಪು."

ಗಲಾಟೆ ನಿಂತಿತು. ಬೈಯುವವರು ಬೈದರು, ಮೇಷ್ಟ್ರು ನಿಂತು ಕೇಳಿಸಿಕೊಂಡರು. ಆಮೇಲೆ ಹಿಂದೆ ನಿಂತಿದ್ದ ಒಬ್ಬ ತಾಯಿ ಕೇಳಿದರು: "ಆಯ್ತು ಮೇಷ್ಟ್ರೇ. ನನ್ನ ಮಗೀನ ಸಾಯಂಕಾಲ ಟ್ಯೂಷನ್‌ಗೆ ಹೆಂಗೆ ಕಳಿಸ್ಲಿ, ಅದ್ನ ಹೇಳಿ."

ಮೇಷ್ಟ್ರು ಲ್ಯಾಪ್‌ಟಾಪ್ ತೆಗೆದರು. ಫೆಬ್ರವರಿಯಿಂದ ಬಂದ ಪ್ರತಿ ಫೋಟೊ, ವಿಡಿಯೊದಲ್ಲೂ ತಾರೀಕು, ಗಂಟೆ ಇತ್ತು. ಒಂದೊಂದಾಗಿ ತೋರಿಸಿದರು. ಬಹುಪಾಲು ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕೂವರೆ ಒಳಗೆ. ಎರಡೇ ಸಲ ಸಂಜೆ ಏಳೂ ಮುಕ್ಕಾಲಿನ ಸುಮಾರಿಗೆ. ಆ ತಾಯಿ ಪರದೆಯ ಹತ್ತಿರ ಬಂದು ಆ ಎರಡು ತಾರೀಕು ಯಾವಾಗ ಎಂದು ಕೇಳಿದರು. ಆ ದಾರಿಯಲ್ಲಿ ಅವರ ಮಗ ಏಳೂವರೆಗೆ ವಾಪಸ್ ಬರುತ್ತಿದ್ದ. ಟ್ಯೂಷನ್ ಹೇಳುವವರು ಅಲ್ಲೇ ಇದ್ದರು. ಐದು ಗಂಟೆಗೆ ಶುರು ಮಾಡಿ ಕತ್ತಲಾಗುವ ಮೊದಲೇ ಬಿಡುತ್ತೇನೆ, ಮಕ್ಕಳು ಗುಂಪಾಗಿ ಹೋಗಲಿ ಎಂದರು.

ಇಲಾಖೆಯ ಸಿಬ್ಬಂದಿಯೂ ಬಂದಿದ್ದರು. ಚಿರತೆ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಕಂಡಿತು ಎಂದ ಮಾತ್ರಕ್ಕೆ ಹಿಡಿಯಲಾಗುವುದಿಲ್ಲ, ಮನುಷ್ಯರ ಜೀವಕ್ಕೆ ಅಪಾಯ ಇದೆ ಎಂದು ಕಂಡುಬಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಬರವಣಿಗೆಯಲ್ಲಿ ಆದೇಶ ಕೊಡಬೇಕು ಎಂದು ವಿವರಿಸಿದರು. ನಮ್ಮ ಪತ್ರ ಅವರ ಕಡತದಲ್ಲಿತ್ತು. ಇಲ್ಲದಿದ್ದರೆ ನಾವು ಕದ್ದು ಕ್ಯಾಮೆರಾ ಇಟ್ಟವರಾಗುತ್ತಿದ್ದೆವು.

ನಾನು ಮಾತಾಡಿದ್ದು ಜುನ್ನಾರ್ ಬಗ್ಗೆ. ಮಹಾರಾಷ್ಟ್ರದ ಜುನ್ನಾರ್ ಸುತ್ತ ಕಬ್ಬಿನ ಗದ್ದೆಗಳಿಂದ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು ಅದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಹಾಗೆ ಹಿಡಿದು ಬಿಡುವ ಮೊದಲು ಅಲ್ಲಿ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4. ಆಮೇಲೆ 17. ಜಾಗ ಗೊತ್ತಿಲ್ಲದ ಪ್ರಾಣಿ ಹೊಸ ಜಾಗದಲ್ಲಿ ದಿಕ್ಕು ತಪ್ಪುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. "ಈ ಗಂಡು ನಿಮ್ಮ ಹಟ್ಟಿ ಪಕ್ಕದಲ್ಲೇ ತಿಂಗಳುಗಟ್ಟಲೆ ಓಡಾಡಿದೆ, ನಿಮಗೆ ಗೊತ್ತೇ ಆಗಿಲ್ಲ. ಇದರ ಬದಲು ಬರೋದು ಹೇಗಿರುತ್ತೋ" ಎಂದೆ. ಅಂಕಿ ಅಂಶಕ್ಕೆ ಅಷ್ಟಾಗಿ ಯಾರೂ ತಲೆ ಅಲ್ಲಾಡಿಸಲಿಲ್ಲ. ಅಜ್ಜ ಎದ್ದು, "ಈ ಬಂಡೆ ನಮ್ಮಪ್ಪನ ಕಾಲದಿಂದ ವಾಸ್ನೆ ಬತ್ತೈತೆ. ಎಷ್ಟು ಹುಲಿ ಹಿಡಿಸ್ತೀರ?" ಎಂದಾಗ ಅಲ್ಲಾಡಿಸಿದರು.

ಅವತ್ತು ಬೋನು ಬರಲಿಲ್ಲ. ಮೇಲ್ಛಾವಣಿ ಇಲ್ಲದ ಮೂರು ರೊಪ್ಪಗಳಿಗೆ ಯಜಮಾನರು ಮತ್ತು ನಾವು ಸೇರಿ ಕಬ್ಬಿಣದ ಜಾಲರಿ ಹಾಕಿಸಿದೆವು. ಕೋಳಿ ಅಂಗಡಿಯ ತ್ಯಾಜ್ಯವನ್ನು ಊರ ಹೊರಗಿನ ಹಳ್ಳಕ್ಕೆ ಎಸೆಯುವುದು ನಿಂತಿತು. ಅದರ ಹಿಂದೆ ನಾಯಿ, ನಾಯಿ ಹಿಂದೆ ಚಿರತೆ ಬರುವುದು ಎಲ್ಲರಿಗೂ ಗೊತ್ತೇ ಇತ್ತು. ನಮ್ಮ ಕ್ಯಾಮೆರಾ ನಾವಾಗೇ ಬಿಚ್ಚಿದೆವು. ಮಳೆಗಾಲ ಮುಗಿಯುವವರೆಗೆ ಅತ್ತ ಹೋಗಬಾರದು ಎಂದು ಮಾತಾಯಿತು.

ಮತ್ತೆ ಇಟ್ಟದ್ದು

ಅಕ್ಟೋಬರ್‌ನಲ್ಲಿ ಯಜಮಾನರೇ ಕರೆದರು. ಬಂಡೆ ಹತ್ತಿರ ಹೊಸ ಕೆರೆತ ಇದೆ ಎಂದು ಅಜ್ಜ ಹೇಳಿದ್ದರಂತೆ.

ಈ ಸಲ ಎರಡು ಇನ್‌ಫ್ರಾರೆಡ್ ಕ್ಯಾಮೆರಾ, ದಾರಿಯ ಎರಡೂ ಪಕ್ಕಕ್ಕೆ. ಚಿರತೆಯ ಎಡ ಪಕ್ಕೆಯ ಚುಕ್ಕೆಯೂ ಬಲ ಪಕ್ಕೆಯದೂ ಒಂದೇ ಅಲ್ಲ. ಎರಡೂ ಕಡೆ ಸಿಕ್ಕರೆ ಮಾತ್ರ ಇದು ಅದೇ ಎಂದು ಹೇಳಬಹುದು. ಚೌಕಟ್ಟಿನಲ್ಲಿ ನಾಮದ ಗುಂಡು, ಬೆಟ್ಟದ ತಲೆ, ವಿದ್ಯುತ್ ಕಂಬ ಯಾವುದೂ ಬರದ ಹಾಗೆ ಕೆಳಕ್ಕೆ ಬಾಗಿಸಿದೆವು. ಇಟ್ಟ ಮೇಲೆ ಇಬ್ಬರೂ ಕೂತು, ಊರಿನ ಒಬ್ಬ ಹುಡುಗನಿಗೆ ಚಿತ್ರ ತೋರಿಸಿ "ಇದು ಎಲ್ಲಿ ಹೇಳು" ಎಂದು ಕೇಳಿದೆವು. ಅವನಿಗೆ ಗೊತ್ತಾಗಲಿಲ್ಲ. ಈ ಪರೀಕ್ಷೆಯನ್ನು ಎಲ್ಲರೂ ಮಾಡಬೇಕು ಎಂದು ನನಗೆ ಅನಿಸುತ್ತದೆ. ಜಾಗ ಮುಚ್ಚಿದ್ದೇವೋ ಇಲ್ಲವೋ ಎಂದು ಹೇಳಬೇಕಾದವರು ಆ ಊರಿನವರು, ನಾವಲ್ಲ.

ಕಾರ್ಡು ಬದಲಿಸಲು ಮೂರು ವಾರಕ್ಕೊಮ್ಮೆ, ನಡು ಮಧ್ಯಾಹ್ನ ಮಾತ್ರ ಹೋಗುತ್ತಿದ್ದೆವು. ಬಂಡೆ ಮುಟ್ಟುತ್ತಿರಲಿಲ್ಲ. ಮೂಸಲೂ ಹೋಗುತ್ತಿರಲಿಲ್ಲ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆರು ತಿಂಗಳು ಹೊರಗೆ ಬಿಡಬಾರದು ಎಂದು ಮೇಷ್ಟ್ರೇ ನಿಯಮ ಮಾಡಿದರು.

ಡಿಸೆಂಬರ್‌ನ ಕಾರ್ಡಿನಲ್ಲಿ ಅದು ಸಿಕ್ಕಿತು. ಬೆಳಗಿನ ಜಾವ 3 ಗಂಟೆ 12 ನಿಮಿಷ. ಗಂಡು ಎಡದಿಂದ ಬರುತ್ತದೆ. ಬಂಡೆಯ ಒಳಮೈಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತದೆ. ತಲೆ ಎತ್ತಿ, ಮೇಲ್ದುಟಿ ಸುಕ್ಕುಗಟ್ಟಿಸಿ, ಬಾಯಿ ಅರ್ಧ ತೆರೆದು ನಾಲ್ಕು ಸೆಕೆಂಡು ಹಾಗೇ ಇರುತ್ತದೆ. ವಾಸನೆಯನ್ನು ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ತಲುಪಿಸುವ ರೀತಿ ಅದು. ಆಮೇಲೆ ನಿಧಾನವಾಗಿ ತಿರುಗುತ್ತದೆ. ಬಲ ಪಕ್ಕೆಯ ಒಲೆಗುಂಡು ಚೆನ್ನಾಗಿ ಕಾಣುತ್ತದೆ. ಬಾಲ ನೆಟ್ಟಗೆ ಎದ್ದು, ತುದಿ ಸಣ್ಣಗೆ ನಡುಗುತ್ತದೆ. ಬಂಡೆಯ ಮೇಲೆ ಒಂದು ಗೆರೆ ಮಿಂಚಿ ಕೆಳಕ್ಕೆ ಇಳಿಯುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ ಸೊಂಟ ತಗ್ಗಿಸಿ ಹಿಂಗಾಲಲ್ಲಿ ಕೆರೆಯುತ್ತದೆ. ಎಡ, ಬಲ, ಎಡ, ಬಲ. ಮಣ್ಣು ಹಾರುವ ಸದ್ದು ಕೇಳುತ್ತದೆ. ಒಮ್ಮೆಯೂ ಕ್ಯಾಮೆರಾ ಕಡೆ ನೋಡುವುದಿಲ್ಲ. 28ನೇ ಸೆಕೆಂಡಿಗೆ ಬಾಲ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ.

ಕಪ್ಪು ಬಿಳುಪು, ಮಂಕು, ಅಲ್ಲಲ್ಲಿ ಕಾಳುಕಾಳು. ಮೇಷ್ಟ್ರು ಅದನ್ನು ಏಳೆಂಟು ಸಲ ನೋಡಿದರು. "ಇದಕ್ಕೆ ನಾವು ಅಲ್ಲಿರೋದೇ ಗೊತ್ತಿಲ್ಲ ಅಲ್ವಾ" ಎಂದರು. ಅವರ ಕಣ್ಣು ತುಂಬಿತ್ತು. ಹೆಣ್ಣಿನ ಬಣ್ಣದ ಚಿತ್ರಗಳು ಅವರ ಹಾರ್ಡ್ ಡಿಸ್ಕಿನಲ್ಲಿ ಈಗಲೂ ಇವೆ. ಆ ಫೋಲ್ಡರಿಗೆ "ಸೆಂಟು" ಎಂದೇ ಹೆಸರಿಟ್ಟಿದ್ದಾರೆ. ಯಾರಾದರೂ ಕೇಳಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಗುರುತು ಹಾಕುವ ಚಿರತೆ ಯಾವುದು, ಬೆರಗಾದ ಚಿರತೆ ಯಾವುದು ಎಂದು ಅವರ ಶಾಲೆಯ ಮಕ್ಕಳು ಈಗ ನೋಡಿಯೇ ಹೇಳುತ್ತಾರೆ.

ಆರು ತಿಂಗಳು ಕಳೆದ ಮೇಲೆ ವಿಡಿಯೊವನ್ನು ಮೊದಲು ತೋರಿಸಿದ್ದು ಅದೇ ಅರಳಿಕಟ್ಟೆಯಲ್ಲಿ, ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ. ಹೊರಗಿನವರಿಗೆ ತೋರಿಸುವಾಗ ಕೆಳಗೆ "ತುಮಕೂರು ಜಿಲ್ಲೆ" ಎಂದು ಮಾತ್ರ ಇರುತ್ತದೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಜನವರಿಯಲ್ಲಿ ಜಾಲರಿ ಹಾಕಿಸದ ಒಂದು ರೊಪ್ಪದಿಂದ ಮೇಕೆ ಹೋಯಿತು. ಆ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ. ಸೆಂಟಿಗೂ ಅದಕ್ಕೂ ಏಳು ತಿಂಗಳ ಅಂತರ ಇದೆ ಎಂದು ನಾವು ಹೇಳಬಹುದು. ಅವರ ಬಾಗಿಲಲ್ಲಿ ನಿಂತು ಅದನ್ನು ಹೇಳುವ ಧೈರ್ಯ ನಮಗಿಲ್ಲ. ಅವರ ರೊಪ್ಪಕ್ಕೂ ಆಮೇಲೆ ಜಾಲರಿ ಹಾಕಿಸಿದೆವು.

ಮುಂದಿನ ಬೇಸಿಗೆಯಲ್ಲಿ ದೊಡ್ಡ ಗಂಡು ಬರುವುದು ನಿಂತಿತು. ಐದು ವಾರ ಬಂಡೆ ಮುಂದೆ ಮುಳ್ಳುಹಂದಿ, ಪುನುಗು, ನವಿಲು ಮಾತ್ರ. ಆರನೆಯ ವಾರದ ಕಾರ್ಡಿನಲ್ಲಿ ಇನ್ನೊಂದು ಗಂಡು. ಕುತ್ತಿಗೆ ತೆಳು, ವಯಸ್ಸು ಚಿಕ್ಕದು, ಬಲ ಪಕ್ಕೆಯಲ್ಲಿ ಒಲೆಗುಂಡಿಲ್ಲ. ಬಂಡೆಯನ್ನು ತುಂಬಾ ಹೊತ್ತು ಮೂಸಿತು. ಎರಡು ಸಲ ಹಿಂದೆ ಸರಿದು ಮತ್ತೆ ಮೂಸಿತು. ಆಮೇಲೆ ತಿರುಗಿ, ಬಾಲ ಎತ್ತಿ, ಹಳೆಯ ಗುರುತು ಇದ್ದ ಕಡೆಗೇ ಚಿಮ್ಮಿಸಿತು.

ಅಜ್ಜನಿಗೆ ತೋರಿಸಿದೆವು. ಅವರು ಪರದೆಯನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಹಾಕಿ ಎಂದರು. ನೋಡಿ ಮುಗಿದ ಮೇಲೆ, "ಹಳೇದು ಎಲ್ಲೋಯ್ತು ಮೇಷ್ಟ್ರೇ?" ಎಂದು ಕೇಳಿದರು.

"ಗೊತ್ತಿಲ್ಲ ಅಜ್ಜ" ಎಂದರು ಮೇಷ್ಟ್ರು. ನೋಟ್‌ಬುಕ್ ತೆಗೆದು ತಾರೀಕು, ಗಂಟೆ ಬರೆದುಕೊಂಡು, ಎದುರಿಗೆ "ಗಂಡು 2" ಎಂದು ಗುರುತು ಹಾಕಿದರು.